ಎಮ್ಮೆಗೆ ಎಂಟಾಣೆ

ಧಾರವಾಡ ಸೀಮೆಯ ಹಳೆಯ ಮನೆಗಳಲ್ಲಿ ತಲಬಾಗಿಲು ದಾಟಿದರೆ ಮೊದಲು ಎದುರಾಗುವವು ದನಗಳು. ತಗ್ಗಿನಲ್ಲಿ ಗೋದಲಿ, ಅದರ ಪಕ್ಕ ಆಳೆತ್ತರವಲ್ಲದಿದ್ದರೂ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ಪಡಸಾಲೆ. ರಾತ್ರಿ ಎತ್ತು ಕೊರಳು ಅಲುಗಿಸಿದರೆ ಪಡಸಾಲೆಯಲ್ಲಿ ಮಲಗಿದವರಿಗೆ ಗಂಟೆಯ ಸದ್ದು ಕೇಳುತ್ತಿತ್ತು. ವಸತಿ ಪ್ರದೇಶದಲ್ಲಿ ಜಾನುವಾರು ಸಾಕಬಹುದೇ ಎಂದು ಕೇಳಿದ್ದರೆ ಆ ಮನೆ ಕಟ್ಟಿದವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ದನ ಇದ್ದದ್ದಕ್ಕೇ ಅದು ವಸತಿ.

ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆ ಬಂತು. ಆದರೆ ಬ್ರಿಟಿಷರ ಕಾಲದಲ್ಲಿ ದನದ ವಿಷಯದಲ್ಲಿ ಜನರಿಗೆ ಚೆನ್ನಾಗಿ ಪರಿಚಯವಾದ ಕಾನೂನು 1871ರ ಜಾನುವಾರು ಅತಿಕ್ರಮಣ ಕಾಯ್ದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕೊಂಡವಾಡದ ಕಾನೂನು. ಬೆಳೆ ಮೇಯ್ದ ಅಥವಾ ರಸ್ತೆಯಲ್ಲಿ ಅಲೆಯುವ ದನವನ್ನು ಕೊಂಡವಾಡಕ್ಕೆ ಹೊಡೆದರೆ ಒಡೆಯ ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ಬಿಡಿಸಿಕೊಳ್ಳಬೇಕು, ಬರದಿದ್ದರೆ ಹರಾಜು. ಆ ದಂಡದ ಪಟ್ಟಿ ಓದಲು ಮಜವಾಗಿದೆ. ಆನೆಗೆ ಎರಡು ರೂಪಾಯಿ. ಒಂಟೆಗೂ ಎಮ್ಮೆಗೂ ಎಂಟಾಣೆ. ಕುದುರೆ, ಎತ್ತು, ಆಕಳಿಗೆ ನಾಲ್ಕಾಣೆ. ಕರು, ಕತ್ತೆ, ಹಂದಿಗೆ ಎರಡಾಣೆ. ಕುರಿ, ಆಡಿಗೆ ಒಂದಾಣೆ. ಎಮ್ಮೆಗೆ ಆಕಳ ದುಪ್ಪಟ್ಟು ಯಾಕೋ! ಅದು ತುಳಿದ ಹೊಲ ನೋಡಿದವರೇ ಬರೆದಿರಬೇಕು. ಏನೇ ಇರಲಿ, ಈ ಕಾನೂನಿನ ಕಣ್ಣಿದ್ದದ್ದು ಬಿಟ್ಟ ದನದ ಮೇಲೆ. ಮನೆಯೊಳಗೆ ಕಟ್ಟಿದ ದನದ ತಂಟೆಗೆ ಅದು ಹೋಗಲಿಲ್ಲ. ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಾಗಲೂ ಅದರ ಹೆಸರಿನಲ್ಲಿ ಅತಿಕ್ರಮಣ ಎಂಬ ಮಾತು ಹಾಗೆಯೇ ಉಳಿಯಿತು.

ಆ ಎಂಟಾಣೆಯ ಎಮ್ಮೆಯೇ ಧಾರವಾಡಕ್ಕೆ ಹೆಸರು ತಂದದ್ದು. ಉತ್ತರ ಪ್ರದೇಶದ ಉನ್ನಾವ್‌ ಕಡೆಯಿಂದ ಬಂದ ಠಾಕೂರ್ ಮನೆತನ ಲೈನ್ ಬಜಾರಿನಲ್ಲಿ ಪೇಡೆಯನ್ನು ಪ್ರಸಿದ್ಧಿಗೆ ತಂದಿತು. ಪೇಡೆಗೆ ಬೇಕಾದ ಎಮ್ಮೆಯ ಹಾಲು ಕೊಟ್ಟವರು ಗೌಳಿಗರು. ಗೌಳಿಗರ ಎಮ್ಮೆಗಳಿದ್ದದ್ದು ಊರಾಚೆಯ ಹೊಲದಲ್ಲಲ್ಲ, ಊರೊಳಗಿನ ಗೌಳಿ ಗಲ್ಲಿಯಲ್ಲಿ, ಮನೆಗೆ ಅಂಟಿಕೊಂಡೇ. ತಂಪುಪೆಟ್ಟಿಗೆ ಇಲ್ಲದ ಕಾಲದಲ್ಲಿ ಹಾಲು ದೂರದಿಂದ ಬರುವಂತಿರಲಿಲ್ಲ.

1962ರಲ್ಲಿ ಎರಡೂ ಊರು ಸೇರಿ ಮಹಾನಗರ ಪಾಲಿಕೆಯಾಯಿತು. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ಕಟ್ಟಿದ ಪ್ರಾಣಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು: ಪರವಾನಿಗೆಯಿಲ್ಲದೆ ಪ್ರಾಣಿ ಪಕ್ಷಿ ಸಾಕುವಂತಿಲ್ಲ. ಹುಬ್ಬಳ್ಳಿಯಲ್ಲಿ ಆಗಾಗ ನಡೆಯುವ ಹಂದಿ ಹಿಡಿಯುವ ಕಾರ್ಯಾಚರಣೆಗೂ ಬಲ ಅದೇ ಕಾಯ್ದೆಯದು. ಪರವಾನಿಗೆ ಕೇಳುವ ಕಾನೂನಿನೊಡನೆ ಇನ್ನೂ ವ್ಯವಹರಿಸಬಹುದು. ಅರ್ಜಿ, ಶುಲ್ಕ, ಕೈಕಾಲು ಹಿಡಿಯುವುದು ಇದ್ದೇ ಇದೆ. ನಕ್ಷೆಯೊಡನೆ ಅದು ಆಗುವುದಿಲ್ಲ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆಗಳಲ್ಲಿ ವಸತಿಗೆ ಹಳದಿ ಬಣ್ಣ, ಕೃಷಿಗೆ ಹಸಿರು. ಹೈನುಗಾರಿಕೆ, ಕೋಳಿ ಸಾಕಣೆ ಹಸಿರಿನ ಪಟ್ಟಿಯಲ್ಲಿ ಬರುತ್ತವೆ. ಗೌಳಿ ಗಲ್ಲಿ ಹಳದಿಯೊಳಗಿದೆ. ಎಮ್ಮೆ ಒಂದು ಹೆಜ್ಜೆಯನ್ನೂ ಇಡದೆ ತಪ್ಪು ಜಾಗದಲ್ಲಿ ನಿಂತ ಹಾಗಾಯಿತು.

ಸೆಗಣಿ ಗಟಾರಕ್ಕೆ ಹೋಗುತ್ತದೆ, ಸೊಳ್ಳೆಯಾಗುತ್ತದೆ ಎಂಬ ನೆರೆಯವರ ದೂರು ಸುಳ್ಳಲ್ಲ. ಎಮ್ಮೆಗಳನ್ನು ಊರಾಚೆ ಒಯ್ಯಿರಿ ಎನ್ನುವುದರಲ್ಲೂ ಹೊಸದೇನಿಲ್ಲ. ಧಾರವಾಡ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1949ರಲ್ಲಿ, ಮುಂಬಯಿ ನಗರದ ತಬೇಲೆಗಳ ಎಮ್ಮೆಗಳಿಗಾಗಿ ಆರೇ ಹಾಲಿನ ಕಾಲನಿ ಶುರುವಾಯಿತು. ಅಲ್ಲಿ ಸರಕಾರ ಮೊದಲು ಜಾಗ ಕೊಟ್ಟಿತು, ಕೊಟ್ಟಿಗೆ ಕಟ್ಟಿತು, ಹಾಲು ಕೊಳ್ಳುವ ವ್ಯವಸ್ಥೆ ಮಾಡಿತು. ನಕ್ಷೆಯ ಹಸಿರು ಬಣ್ಣ ಇಂಥದ್ದು ಯಾವುದನ್ನೂ ಕೊಡುವುದಿಲ್ಲ. ನಾಲ್ಕೈದು ಎಮ್ಮೆಯ ಗೌಳಿಗನಿಗೆ ಹೊಲ ಇಲ್ಲ. ಇದ್ದರೂ ನಸುಕಿನ ಹಾಲಿನ ವರ್ತನೆ ಮನೆಗಳೆಲ್ಲ ಊರೊಳಗಿವೆ.

ಈ ನಡುವೆ ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2021ರಲ್ಲಿ, ಅರ್ಧಚಂದ್ರಾಕಾರದ ಕೋಡು ಹಿಂದಕ್ಕೆ ಬಾಗಿ ಹೆಗಲು ಮುಟ್ಟುವ ಕರಿ ಎಮ್ಮೆಗೆ ‘ಧಾರವಾಡಿ’ ಎಂಬ ಹೆಸರಿನಲ್ಲೇ ರಾಷ್ಟ್ರೀಯ ತಳಿಯ ಪಟ್ಟವೂ ಬಂತು. ಊರಿನ ಹೆಸರು ಹೊತ್ತ ಪ್ರಾಣಿಗೆ ಆ ಊರಿನ ವಸತಿ ವಲಯದಲ್ಲಿ ಜಾಗವಿಲ್ಲ.

ಬಲಿಪಾಡ್ಯಮಿಯ ದಿನ ಗೌಳಿಗರು ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಕವಡೆ ಸರ ಕಟ್ಟಿ ರಸ್ತೆಯಲ್ಲಿ ಓಡಿಸುತ್ತಾರೆ. ನೋಡಲು ಜನ ಎರಡೂ ಬದಿ ನಿಂತಿರುತ್ತಾರೆ, ದೂರು ಕೊಟ್ಟವರೂ ಸೇರಿ.