ಜಮ್‌ಶೆಡ್‌ಪುರ: ನಗರಸಭೆಯಿಲ್ಲದ ನಗರ

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಮಾತು ಬಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಾಟಾ ಹೆಸರು. ಅದನ್ನು ಸಾಮಾನ್ಯವಾಗಿ ಒಬ್ಬ ಉದ್ಯಮಿಯ ದೊಡ್ಡ ಮನಸ್ಸಿನ ಕತೆಯಾಗಿ ಹೇಳುತ್ತಾರೆ. ಆದರೆ ಆ ದೊಡ್ಡ ಮನಸ್ಸು ಯಾರನ್ನು ತಲುಪಿತು, ಎಲ್ಲಿ ನಿಂತಿತು ಎಂಬುದರಲ್ಲಿ ಆಯಾ ಕಾಲದ ರಾಜಕೀಯ ವ್ಯವಸ್ಥೆಯ ಕೈಯೂ ಇದೆ.

1902ರಲ್ಲಿ ಜಮ್‌ಶೆಟ್‌ಜಿ ಟಾಟಾ ಮಗ ದೊರಾಬ್‌ಜಿಗೆ ಬರೆದ ಪತ್ರದಲ್ಲಿ, ಮುಂದೆ ಕಟ್ಟಲಿರುವ ಉಕ್ಕಿನ ಊರಿಗೆ ಅಗಲವಾದ ಬೀದಿ, ನೆರಳಿನ ಮರ, ಆಟದ ಬಯಲು, ದೇವಸ್ಥಾನ, ಮಸೀದಿ, ಚರ್ಚುಗಳಿಗೆ ಜಾಗ ಬೇಕೆಂದಿದ್ದರು. ಅವರು ತೀರಿಕೊಂಡ ಮೇಲೆ, 1907ರಲ್ಲಿ ಕಂಪನಿ ಹುಟ್ಟಿತು. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಕೂಡುವ ಕಡೆ, ಸಾಕ್ಚಿ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಎದ್ದಿತು. ಭೂಮಿಯನ್ನು ಸ್ವಾಧೀನ ಮಾಡಿಕೊಟ್ಟದ್ದು ವಸಾಹತು ಸರ್ಕಾರ. ಅಲ್ಲಿ ಉಳುತ್ತಿದ್ದ ಆದಿವಾಸಿಗಳಿಗೆ ಬೇಡ ಎನ್ನುವ ಅಧಿಕಾರ ಇರಲಿಲ್ಲ. ನೀರು, ಶಾಲೆ, ಆಸ್ಪತ್ರೆ ಒದಗಿಸುವ ಆಡಳಿತವೂ ಇರಲಿಲ್ಲ. ಹೀಗಾಗಿ ಕಂಪನಿಯೇ ಊರಿನ ಸರ್ಕಾರವಾಯಿತು.

1912ರಲ್ಲೇ ಅಲ್ಲಿ ಎಂಟು ಗಂಟೆಯ ದುಡಿಮೆ ಜಾರಿಗೆ ಬಂತು. ದೇಶದ ಕಾರ್ಖಾನೆ ಕಾಯ್ದೆ ಅಷ್ಟು ದೂರ ಬಂದದ್ದು 1948ರಲ್ಲಿ. 1920ರಲ್ಲಿ ಭವಿಷ್ಯನಿಧಿ ಮತ್ತು ಸಂಬಳಸಹಿತ ರಜೆ, 1928ರಲ್ಲಿ ಹೆರಿಗೆ ಭತ್ಯೆ. ಈ ಎರಡು ಇಸವಿಗಳನ್ನು ಗಮನಿಸಬೇಕು. ಎರಡೂ ವರ್ಷ ಜಮ್‌ಶೆಡ್‌ಪುರದಲ್ಲಿ ದೊಡ್ಡ ಮುಷ್ಕರಗಳು ನಡೆದಿದ್ದವು. 1928ರದ್ದಕ್ಕೆ ಸುಭಾಷ್‌ಚಂದ್ರ ಬೋಸರು ಮುಂದಾಳತ್ವ ವಹಿಸಿದ್ದರು. ಮಾಲೀಕರ ಔದಾರ್ಯವೂ ಕಾರ್ಮಿಕರ ಒತ್ತಡವೂ ಜೊತೆಜೊತೆಗೇ ನಡೆದವು.

ಸ್ವಾತಂತ್ರ್ಯದ ನಂತರ ಎಲ್ಲರಿಗೂ ಮತದಾನದ ಹಕ್ಕು ಬಂತು. 1992ರ 74ನೇ ತಿದ್ದುಪಡಿ ನಗರಸಭೆಗಳಿಗೆ ಸಂವಿಧಾನದ ಬಲವನ್ನೂ ಕೊಟ್ಟಿತು. ಆದರೆ ಅದೇ ತಿದ್ದುಪಡಿ ಒಂದು ಕಿಂಡಿಯನ್ನೂ ಬಿಟ್ಟಿತು: ಕೈಗಾರಿಕಾ ಸಂಸ್ಥೆಯೇ ನಾಗರಿಕ ಸೇವೆ ಒದಗಿಸುವ ಕಡೆ ರಾಜ್ಯಪಾಲರು 'ಕೈಗಾರಿಕಾ ಪಟ್ಟಣ' ಎಂದು ಘೋಷಿಸಿದರೆ ನಗರಸಭೆ ರಚಿಸಬೇಕಿಲ್ಲ. ಜಮ್‌ಶೆಡ್‌ಪುರದಲ್ಲಿ ಇದರ ಸುತ್ತ ದಶಕಗಳ ಕಾಲ ವ್ಯಾಜ್ಯ ನಡೆದಿದೆ. ಅಲ್ಲಿನ ನೀರು, ರಸ್ತೆಗಳ ಅಚ್ಚುಕಟ್ಟನ್ನು ಟೀಕಾಕಾರರೂ ಒಪ್ಪುತ್ತಾರೆ. ಆದರೂ ನಲ್ಲಿ ನಿಂತರೆ ನಿವಾಸಿ ದೂರು ಕೊಡುವುದು ಗ್ರಾಹಕನಾಗಿ. ತನ್ನ ವಾರ್ಡಿನ ಸದಸ್ಯನನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುವ ಮತದಾರನಾಗಿ ಅಲ್ಲ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಔದಾರ್ಯಕ್ಕೆ ಅಳತೆ ಹಾಕಿತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಹಾಗಾಗಿ ಕಾರ್ಖಾನೆಗಳಿರುವ ರಾಜ್ಯಗಳಿಗೆ ಹಣ ಹೆಚ್ಚು ಹರಿಯುತ್ತದೆ, ಬಡ ಜಿಲ್ಲೆಗಳು ಕಾಯುತ್ತವೆ. ಯಾವ ಊರಿಗೆ ಏನು ಬೇಕೆಂದು ತೀರ್ಮಾನಿಸುವುದು ಕಂಪನಿಯ ಆಡಳಿತ ಮಂಡಳಿ. ಗ್ರಾಮಸಭೆಯ ಒಪ್ಪಿಗೆಯನ್ನು ಈ ಸೆಕ್ಷನ್ ಕೇಳುವುದಿಲ್ಲ.

ಸಾಕ್ಚಿಯಲ್ಲಿ ಭೂಮಿ ಹೋದಾಗಲೂ ಊರಿನವರನ್ನು ಯಾರೂ ಕೇಳಿರಲಿಲ್ಲ. ಕೊಡುವ ಮೊತ್ತವನ್ನು ಕಾನೂನು ಈಗ ನಿಗದಿ ಮಾಡಿದೆ. ಪಡೆಯುವವರ ಮಾತಿಗೆ ಅದರಲ್ಲಿ ಇನ್ನೂ ಜಾಗ ಮಾಡಬೇಕಿದೆ.