ನಿಂತಲ್ಲಿಂದ ಮುಂದಕ್ಕೆ: ನಲಿ-ಕಲಿ ತರಗತಿ ಮತ್ತು ಶಿಕ್ಷಕರ ಅಂತಃಕರಣ

ಎಳೆಯ ಮಕ್ಕಳ ಬಗೆಗಿನ ಕರುಣೆಯನ್ನು ನಾವು ಸಾಮಾನ್ಯವಾಗಿ ಶಿಕ್ಷಕರ ಸ್ವಭಾವದ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಈ ಮೇಡಂ ತಾಯಿಯ ಹಾಗೆ, ಆ ಮೇಷ್ಟ್ರು ಬಲು ಸಿಡುಕ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಲೇಖನದ ವಾದ ಬೇರೆ. ಆರು ವರ್ಷದ ಮಗುವಿನ ಮುಂದೆ ಶಿಕ್ಷಕಿ ತಾಳ್ಮೆಯಿಂದ ಇರಬಲ್ಲಳೇ ಎಂಬುದನ್ನು ಬಹುಮಟ್ಟಿಗೆ ತರಗತಿಯ ಏರ್ಪಾಡು ತೀರ್ಮಾನಿಸುತ್ತದೆ. ಇದನ್ನು ಪರಿಶೀಲಿಸಲು ನಮ್ಮದೇ ಸರ್ಕಾರಿ ಶಾಲೆಗಳ ಕೆಳ ತರಗತಿಗಳ ನಲಿ-ಕಲಿ ಪದ್ಧತಿ ಒಳ್ಳೆಯ ನಿದರ್ಶನ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಈ ಪದ್ಧತಿ ಶುರುವಾಯಿತು. ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ತಾವೇ ರೂಪಿಸಿದರು. ಇದು ಕಾಡಂಚಿನ ತಾಲ್ಲೂಕು. ಜೇನುಕುರುಬರ ಹಾಡಿಗಳಿವೆ. ಕಾಫಿ ಕೊಯ್ಲು ಬಂತೆಂದರೆ ಎಷ್ಟೋ ಮನೆಗಳವರು ಮಕ್ಕಳನ್ನೂ ಕಟ್ಟಿಕೊಂಡು ಕೊಡಗಿನ ಕಡೆಗೆ ಹೊರಡುತ್ತಾರೆ.

ಪಠ್ಯಪುಸ್ತಕ ಹಿಡಿದು ಇಡೀ ತರಗತಿಗೆ ಒಂದೇ ಪಾಠ ಹೇಳುವ ಕಡೆ, ಹಾಗೆ ಹೋಗಿ ಬಂದ ಮಗುವಿಗೆ ಜಾಗವೇ ಇರುವುದಿಲ್ಲ. ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದೆ ಉಳಿದಿರುತ್ತದೆ. ಅದಕ್ಕಾಗಿ ನಿಂತರೆ ಉಳಿದವರು ಕೆಡುತ್ತಾರೆ, ನಿಲ್ಲದಿದ್ದರೆ ಅದು ಕೆಡುತ್ತದೆ. ಈ ಇಕ್ಕಟ್ಟಿನಲ್ಲಿ ಸಿಕ್ಕ ಶಿಕ್ಷಕರಿಗೆ ಮಗುವೇ ತೊಡಕಾಗಿ ಕಾಣತೊಡಗುತ್ತದೆ. ನನ್ನ ತಿಳಿವಿನಲ್ಲಿ ಕೆಳ ತರಗತಿಗಳ ಬೈಗುಳದ ದೊಡ್ಡ ಪಾಲು ಹುಟ್ಟುವುದು ಇಲ್ಲೇ. ಕೆಟ್ಟತನ ಅದಕ್ಕೆ ಕಾರಣವಾಗುವುದು ಕಡಿಮೆ.

ನಲಿ-ಕಲಿ ಈ ಇಕ್ಕಟ್ಟನ್ನು ಬುಡದಲ್ಲೇ ಸಡಿಲಿಸಿತು. ಕಲಿಕೆಯನ್ನು ಏಣಿಯಾಗಿ ಜೋಡಿಸಿ, ಅದನ್ನು ಮೈಲಿಗಲ್ಲುಗಳಾಗಿ, ಒಂದೊಂದು ಮೈಲಿಗಲ್ಲನ್ನೂ ಕಾರ್ಡುಗಳಾಗಿ ಒಡೆಯಿತು. ಕಾರ್ಡಿನ ಮೇಲಿನ ಚಿತ್ರ ನೋಡಿ, ಇನ್ನೂ ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳಬಲ್ಲದು. ಕೂರುವುದು ಗುಂಪುಗಳಲ್ಲಿ, ಗುಂಪಿಗೆ ತಟ್ಟೆ ಎಂದು ಹೆಸರು. ಶಿಕ್ಷಕರ ಪೂರ್ಣ ನೆರವು ಬೇಕಾದವರಿಗೆ ಒಂದು ತಟ್ಟೆ, ಜೊತೆಯ ಮಕ್ಕಳ ನೆರವು ಸಾಕಾದವರಿಗೆ ಇನ್ನೊಂದು, ತಾವೇ ಕಲಿಯಬಲ್ಲವರಿಗೆ ಮತ್ತೊಂದು. ಮೂರು ವಾರ ಬಿಟ್ಟು ಬಂದ ಮಗು ತಾನು ನಿಂತಿದ್ದ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಅದರ ಗೈರುಹಾಜರಿ ಯಾರ ಪಾಠವನ್ನೂ ಕೆಡಿಸುವುದಿಲ್ಲ, ಆದ್ದರಿಂದ ಯಾರ ಸಿಟ್ಟಿಗೂ ಗುರಿಯಾಗಬೇಕಿಲ್ಲ.

ಅಕ್ಷರದ ಕ್ರಮದಲ್ಲೂ ಇದೇ ಕಾಳಜಿಯಿದೆ. ವರ್ಣಮಾಲೆಯನ್ನು ಅ ಆ ಇ ಈ ಎಂದು ಉರುಹೊಡೆಸುವ ಬದಲು ರ ಗ ಸ ದ ಅ ಎಂಬ ಐದರಿಂದ ಆರಂಭ. ಈ ಐದು ಬಂದರೆ ಸಾಕು, ಸರ, ಅರಸ, ಅಗಸ, ಗರಗಸ, ದಸರ ಎಂದು ಮಗು ಪದಗಳನ್ನೇ ಓದುತ್ತದೆ. ಇಡೀ ಮಾಲೆ ಮುಗಿಯುವ ತನಕ ತನಗೇನೂ ಬಾರದು ಎಂಬ ಕೀಳರಿಮೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಗೋಡೆಯ ಕಪ್ಪುಹಲಗೆ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಇರುತ್ತದೆ. ಮಗು ಬಿಡಿಸಿದ ಚಿತ್ರ ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತದೆ. ಶಿಕ್ಷಕಿ ಮಕ್ಕಳ ನಡುವೆ ನೆಲದ ಮೇಲೆ ಕೂರುತ್ತಾಳೆ. ಒಂದಕ್ಕೆ ಹೋಗಬೇಕೆಂದು ಹೇಳಲು ಹೆದರುವ ಮಗುವಿಗೆ, ಎದುರಿನ ಮುಖ ತನ್ನ ಮುಖದ ಮಟ್ಟದಲ್ಲಿರುವುದು ಸಣ್ಣ ಸಂಗತಿಯಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ನಿಷೇಧ ಅತ್ಯಗತ್ಯವಾಗಿತ್ತು. ಆದರೆ ಕೋಲು ಕಳೆದುಕೊಂಡ ಕೈಗೆ ಏನು ಕೊಡಬೇಕೆಂಬುದನ್ನು ಕಾಯ್ದೆ ಹೇಳಲಾರದು. ಅದನ್ನು ಹೇಳಲು ಹೊರಟವರಲ್ಲಿ ಗಿಜುಭಾಯಿ ಬಧೇಕಾ ಹಿರಿಯರು. ವಕೀಲಿ ಬಿಟ್ಟು ಬಂದು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವೆಂಬ ಎಳೆಯರ ಶಾಲೆ ತೆರೆದವರು. ಅವರಂಥ ಅಸಾಧಾರಣ ವ್ಯಕ್ತಿ ಇದ್ದ ಕಡೆ ಮಕ್ಕಳು ಅರಳುತ್ತಾರೆ, ನಿಜ. ಸಾವಿರಾರು ಸರ್ಕಾರಿ ಶಾಲೆಗಳ ಸಾಧಾರಣ ಶಿಕ್ಷಕರಿಗೂ ಅದು ಸಾಧ್ಯವಾಗಬೇಕು ಎಂಬುದೇ ನಲಿ-ಕಲಿಯ ಹೆಚ್ಚುಗಾರಿಕೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಏಣಿ ಒಂದೇ ಆದರೂ ಎರಡು ಕೋಣೆಗಳು ಒಂದೇ ಆಗಿರುವುದಿಲ್ಲ. ಕೊಯ್ಲು ಮುಗಿಸಿ ಬಂದ ಮಗುವನ್ನು ಒಬ್ಬರು "ಬಂದ್ಯಾ ಪುಟ್ಟಾ? ಬಾ, ನಿನ್ನ ಕಾರ್ಡು ಎಲ್ಲಿತ್ತು ನೋಡೋಣ" ಎಂದು ಕರೆಯಬಹುದು. ಇನ್ನೊಬ್ಬರು "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎನ್ನಬಹುದು. ಎರಡನೆಯ ಕೋಣೆಯಲ್ಲೂ ಕಾರ್ಡು ಅದೇ ಜಾಗದಲ್ಲಿದೆ, ಆದರೆ ಮಗುವಿನ ಕೈ ಮುಂದಕ್ಕೆ ಬರುವುದಿಲ್ಲ. ಹೆದರಿದ ಮಗುವಿನ ಗಮನವೆಲ್ಲ ಹೆದರಿಸಿದವರ ಮೇಲೆಯೇ ಇರುತ್ತದೆ, ಅಕ್ಷರ ಕಾಣುವುದಿಲ್ಲ. ಹಾಗಾಗಿ ನನ್ನ ವಾದವನ್ನು ಇಷ್ಟಕ್ಕೆ ಮಿತಗೊಳಿಸುತ್ತೇನೆ: ಏರ್ಪಾಡು ಅಂತಃಕರಣವನ್ನು ಹುಟ್ಟಿಸಲಾರದು, ಇರುವ ಅಂತಃಕರಣ ದಣಿದು ಬತ್ತದಂತೆ ಕಾಯಬಲ್ಲದು.

ಆ ಕಾವಲು ಸಡಿಲವಾದದ್ದು ವಿಸ್ತರಣೆಯ ನಂತರ. 2009-10ರಲ್ಲಿ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಕೈಯಾರೆ ಮಾಡಿಕೊಂಡಿದ್ದ ಸಾಮಗ್ರಿ ಉಳಿದವರಿಗೆ ಮೇಲಿನಿಂದ ಸಿದ್ಧವಾಗಿ ಬಂತು. ತಾನು ಮಾಡಿದ ಕಾರ್ಡು ಮಗುವಿಗೆ ಹತ್ತದಿದ್ದರೆ ಶಿಕ್ಷಕ ಕಾರ್ಡನ್ನು ತಿದ್ದುತ್ತಾನೆ. ಇಲಾಖೆ ಕಳಿಸಿದ್ದು ಹತ್ತದಿದ್ದರೆ ಮಗುವನ್ನು ತಿದ್ದಲು ಹೊರಡುವ ಸಂಭವ ಹೆಚ್ಚು.

ಜೊತೆಗೆ ಶಿಕ್ಷಕರ ಸಂಖ್ಯೆಯ ಪ್ರಶ್ನೆ. ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೆಯ ತರಗತಿಗಳು ಒಟ್ಟಿಗೆ ಕೂರುತ್ತವೆ. ಮಕ್ಕಳು ಐದೂ ತರಗತಿಗಳಲ್ಲಿ ಸಮನಾಗಿ ಹಂಚಿದ್ದಾರೆಂದು ಇಟ್ಟುಕೊಂಡರೆ ಆ ಕೋಣೆಯಲ್ಲಿ 36 ಮಕ್ಕಳು, ಒಬ್ಬ ಶಿಕ್ಷಕಿ. ಐದು ಗಂಟೆಯ ದಿನದಲ್ಲಿ ಮಗುವೊಂದಕ್ಕೆ ಎಂಟು ನಿಮಿಷ ದಕ್ಕುತ್ತದೆ. ಹಾಲು, ಬಿಸಿಯೂಟ, ಹಾಜರಿ, ಬಿದ್ದು ಮಂಡಿ ತರಚಿಕೊಂಡವರ ಆರೈಕೆ ಎಲ್ಲವೂ ಅದರೊಳಗೇ ಆಗಬೇಕು. ಜೊತೆ ಶಿಕ್ಷಕರು ಸಭೆಗೋ ಚುನಾವಣೆ ಕೆಲಸಕ್ಕೋ ಹೋದ ದಿನ 60 ಮಕ್ಕಳೂ ಅವಳವರೇ. ಇಂಥ ಶಾಲೆಗೆ ಮೂರನೆಯ ಶಿಕ್ಷಕರ ಹುದ್ದೆ ಕೊಡದೆ, ಸಹಾನುಭೂತಿಯ ಬಗ್ಗೆ ಮತ್ತೊಂದು ತರಬೇತಿ ಏರ್ಪಡಿಸುವುದು ಶಿಕ್ಷಕಿಗೂ ಮಗುವಿಗೂ ಮಾಡುವ ಅನ್ಯಾಯ.