ಕೂದಲು ಉದುರಿದ ಚರಿತ್ರೆ

ಶ್ರೀಗಂಧದ ಕಾವಲ್‌ನಿಂದ ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಕಿದ್ವಾಯಿ ಆಸ್ಪತ್ರೆಗೆ ಇನ್ನೊಂದು. ನಮ್ಮ ಬೀದಿಯ ಹೆಣ್ಣುಮಗಳೊಬ್ಬರು ಸ್ತನ ಕ್ಯಾನ್ಸರಿನ ಕೀಮೋಗಾಗಿ ಹೀಗೆ ತಿಂಗಳುಗಟ್ಟಲೆ ಓಡಾಡಿದರು. ಆಪರೇಷನ್ನಿಗೂ ಅಳದವರು, ಮೂರನೇ ವಾರ ಬಾಚಣಿಗೆ ತುಂಬ ಕೂದಲು ಬಂದಾಗ ಅತ್ತುಬಿಟ್ಟರು. “ಜೀವಕ್ಕಿಂತ ಕೂದಲು ಹೆಚ್ಚೇ?” ಎಂದರು ಸಮಾಧಾನ ಹೇಳಲು ಬಂದವರು. ಅತ್ತೆಯ ಚಿಂತೆಯೇ ಬೇರೆ: ಮುತ್ತೈದೆಯ ತಲೆ ಬೋಳಾಗಬಹುದೇ?

ವಿಚಿತ್ರವೆಂದರೆ, ವಿಕಿರಣ ಚಿಕಿತ್ಸೆ ಹುಟ್ಟಿದ್ದೇ ಕೂದಲು ಉದುರಿದ್ದರಿಂದ. 1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ. ಮರುವರ್ಷ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜಾನ್ ಡೇನಿಯಲ್ ತನ್ನ ಸಹೋದ್ಯೋಗಿ ಡಡ್ಲಿಯ ತಲೆಬುರುಡೆಯ ಚಿತ್ರ ತೆಗೆಯಲು ಹೋದ. 21 ದಿನಗಳ ನಂತರ ಕಿರಣ ತಾಗಿದ ಕಡೆ ಕೂದಲು ಉದುರಿತು. ಇಂಥ ಸುದ್ದಿ ಓದಿಯೇ ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಿಂಡ್, ಪುಟ್ಟ ಹುಡುಗಿಯೊಬ್ಬಳ ಮೈಮೇಲಿದ್ದ ಕೂದಲಿನ ಮಚ್ಚೆಗೆ ಕಿರಣ ಹಾಯಿಸಿದ. ಇಂದು ಅಡ್ಡಪರಿಣಾಮ ಎನ್ನುವುದು ಅಂದು ಚಿಕಿತ್ಸೆಯೇ ಆಗಿತ್ತು.

ಕೀಮೋ ಬಂದದ್ದು ಯುದ್ಧದ ವಿಷದಿಂದ. 1942ರಲ್ಲಿ ಯೇಲ್‌ನಲ್ಲಿ ಮಸ್ಟರ್ಡ್ ಅನಿಲದ ಸಂಬಂಧಿ ರಾಸಾಯನಿಕವೊಂದನ್ನು ರೋಗಿಗೆ ಕೊಟ್ಟು ನೋಡಿದರು. ಆಮೇಲೆ ನಮ್ಮ ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್, ಮಣ್ಣಿನ ಸೂಕ್ಷ್ಮಜೀವಿಯಿಂದ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಬಂದವು. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಹೊಡೆಯುವುದೇ ಇಂಥ ಔಷಧಗಳ ಕೆಲಸ. ಕ್ಯಾನ್ಸರಿನ ಕೋಶ ಯಾವುದು, ಕೂದಲ ಬುಡದ ಕೋಶ ಯಾವುದು ಎಂಬ ಭೇದ ಅವಕ್ಕೆ ತಿಳಿಯದು.

ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ. ದಿನವೂ ಬಾಯಲ್ಲಿ ಬರುವ ಆ ಹೆಸರು ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿಯವರದು ಎಂದು ಎಷ್ಟು ಜನರಿಗೆ ಗೊತ್ತೋ! ಮೂರೇ ವರ್ಷಕ್ಕೆ, 1976ರಲ್ಲಿ, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂತು. ಬಾಲವಿಧವೆಯ ತಲೆ ಬೋಳಿಸಿ ಮೂಲೆಗೆ ಕೂರಿಸಿದ ಕಾಲದ ಕಥೆ ಅದು. ಆ ನೆನಪಿರುವ ನಾಡಿನಲ್ಲಿ ಬೋಳಾದ ಹೆಣ್ಣುತಲೆಯನ್ನು ಜನ ಬರೀ ಕಾಯಿಲೆಯೆಂದು ನೋಡುತ್ತಾರೆಯೇ? ಅತ್ತೆಯ ಚಿಂತೆ ಬಂದದ್ದು ಅಲ್ಲಿಂದ.

ನಮ್ಮಲ್ಲೂ ಸುಲಭವಿಲ್ಲ. ಹಜ್ಜಿನಲ್ಲಿ ಗಂಡಸರು ತಲೆ ಬೋಳಿಸುತ್ತಾರೆ, ಹೆಂಗಸರು ಬೆರಳ ತುದಿಯಷ್ಟು ಕೂದಲು ಕತ್ತರಿಸಿದರೆ ಸಾಕು. ಕಾಯಿಲೆಯಿಂದ ಕೂದಲು ಉದುರಿದ ಅನ್ಸಾರಿ ಮದುವಣಗಿತ್ತಿಗೆ ಬೇರೆ ಕೂದಲು ಜೋಡಿಸಬಹುದೇ ಎಂದು ಮನೆಯವರು ಪ್ರವಾದಿಯವರನ್ನು (ಸ) ಕೇಳಿದ ಪ್ರಸಂಗ ಬುಖಾರಿಯಲ್ಲಿದೆ. ಅವರು ಬೇಡವೆಂದರು. ಮನುಷ್ಯರ ಕೂದಲಲ್ಲದ ವಿಗ್ಗಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನನಗೆ ತೀರ್ಪಿಗಿಂತ ಆ ಪ್ರಶ್ನೆಯೇ ಮುಖ್ಯವೆನಿಸುತ್ತದೆ. ಹದಿನಾಲ್ಕು ಶತಮಾನಗಳ ಹಿಂದೆಯೂ ಯಾರೋ ಆ ಹುಡುಗಿಗೆ “ಕೂದಲು ಹೆಚ್ಚೇ?” ಎನ್ನದೆ, ಅವಳ ಪರವಾಗಿ ಕೇಳಲು ಹೋಗಿದ್ದರು.

ತಲೆಗೆ ತಂಪು ಟೋಪಿ ಹಾಕಿ ಕೂದಲು ಉಳಿಸುವ ಪ್ರಯತ್ನ 1970ರ ದಶಕದ್ದು. ಅಮೆರಿಕ ಅಂಥ ಯಂತ್ರಕ್ಕೆ ಮೊದಲು ಒಪ್ಪಿಗೆ ಕೊಟ್ಟದ್ದು 2015ರಲ್ಲಿ. ನಮ್ಮ ಬೀದಿಯವರಿಗೆ ಸಿಕ್ಕಿದ್ದು ಸೆರಗು ಮಾತ್ರ. ಕೀಮೋ ಮುಗಿದು ಕೆಲವು ತಿಂಗಳಿಗೆ ಕೂದಲು ಮತ್ತೆ ಬಂತು, ಗುಂಗುರು ಗುಂಗುರಾಗಿ. ಮೊದಲು ನೀಳವಾಗಿತ್ತು. “ಇದು ಯಾರದೋ ಕೂದಲು ಕಣ್ರೀ” ಎಂದು ಅವರು ಈಗಲೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ.